ನಾಲ್ಕಡಿ ತೊಟ್ಟಿ, ನಲವತ್ತೊಂದು ಮೀನು

ಬೆಂಗಳೂರಿನ ಒಂದು ಮೊದಲ ಮಹಡಿ ಮನೆ. ನಡುಮನೆಯಲ್ಲಿ ಹೊಸ ಅಕ್ವೇರಿಯಂ: 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಳಗೆ ಸದ್ಯಕ್ಕೆ ಧೂಳು ಮಾತ್ರ. ಎದುರಿಗೆ ಮನೆ ಯಜಮಾನರಾದ ರಾಯರು, ಲೆಕ್ಕದ ಮೇಷ್ಟ್ರು, ಮೀನು ಸಾಕುವುದರಲ್ಲಿ ಪಳಗಿದ ಭಟ್ರು. ಕಾಫಿ ಬಂತು. ರಾಯರು ಜೇಬಿನಿಂದ ಚೀಟಿ ತೆಗೆದರು.

"ಆಸ್ಕರ್ 2, ಏಂಜೆಲ್ 4, ಟೈಗರ್ ಬಾರ್ಬ್ 10, ನಿಯಾನ್ ಟೆಟ್ರಾ 20, ಗೋಲ್ಡ್ ಫಿಶ್ 2, ಡಿಸ್ಕಸ್ 1, ಶಾರ್ಕ್ 1, ಗಾಜು ನೆಕ್ಕೋಕೆ ಸಕ್ಕರ್ 1. ಒಟ್ಟು 41."

"ಇದು ಮೀನಿನ ಪಟ್ಟಿಯಲ್ಲ ಮಾರಾಯ್ರೆ," ಅಂದರು ಭಟ್ರು. "ಆಸ್ಕರಿಗೆ ಊಟದ ಮೆನು."

"ಅಂಗಡಿಯಲ್ಲಿ ಎಲ್ಲಾ ಎರಡೆರಡು ಇಂಚು ಇದ್ವಲ್ಲ!"

"ಅಂಗಡಿಯಲ್ಲಿರೋದು ಅಂಗನವಾಡಿ. ಆಸ್ಕರ್ ಒಂದು ಅಡಿ ಬೆಳೀತದೆ, ಅದೂ ಒಂದು, ಒಂದೂವರೆ ವರ್ಷದೊಳಗೆ. ಸಕ್ಕರೂ ಅಡಿ ದಾಟ್ತದೆ. ದೊಡ್ಡದಾದ ಮೇಲೆ ಪಾಚಿ ತಿನ್ನೋದಕ್ಕಿಂತ ಹೇಲೋದೇ ಜಾಸ್ತಿ. ಆ ಶಾರ್ಕ್ ಅಂದ್ರೆ ಪಂಗಾಸಿಯಸ್. ಊಟಕ್ಕೆ ಅಂತ ಕೆರೆ-ಹೊಂಡದಲ್ಲಿ ಸಾಕೋ ಮೀನು, ಮೂರಡಿಗೂ ಮೀರಿ ಹೋಗ್ತದೆ. ನಿಮ್ಮ ತೊಟ್ಟಿಯಲ್ಲಿ ಅದಕ್ಕೆ ತಿರುಗಲಿಕ್ಕೂ ಜಾಗ ಇಲ್ಲ."

ರಾಯರು ಬೇಜಾರಿನಿಂದ ಮೂರು ಹೆಸರು ಹೊಡೆದರು. ಮೇಷ್ಟ್ರು ಚೀಟಿಯ ಹಿಂದೆ ಲೆಕ್ಕ ಶುರುಮಾಡಿದರು.

"ಒಂಬತ್ತು ಘನ ಅಡಿ, ಒಂದಕ್ಕೆ 28.3 ಲೀಟರ್. ಅಂದ್ರೆ 255. ಮೇಲೆ ಎರಡಿಂಚು ಖಾಲಿ, ಕೆಳಗೆ ಮರಳು, ಕಲ್ಲು. ನಿಜವಾದ ನೀರು 210 ಲೀಟರ್ ಅನ್ನಿ. ಗಾಜು, ಮರಳು, ಸ್ಟ್ಯಾಂಡ್ ಸೇರಿ ಮೂರೂವರೆ ಕ್ವಿಂಟಾಲ್ ಆಸುಪಾಸು. ನಡುಮನೆ ಮಧ್ಯದಲ್ಲಿ ಇಡಬೇಡಿ ಸ್ವಾಮಿ, ಗೋಡೆ ಪಕ್ಕ, ತೊಲೆ ಹಾದಿರೋ ಕಡೆ ಇಡಿ. ಗಾಜಿನ ಕೆಳಗೆ ಥರ್ಮೋಕೋಲ್ ಶೀಟ್ ಹಾಸಿ. ಒಂದು ಕಲ್ಲು ಹರಳು ಸಿಕ್ಕಿಕೊಂಡ್ರೂ ತಳ ಬಿರೀತದೆ."

"ಗ್ಯಾಲನ್‌ಗೆ ಒಂದಿಂಚು ಮೀನು ಅಂತಾರಲ್ಲ ಮೇಷ್ಟ್ರೇ? 55 ಗ್ಯಾಲನ್, 55 ಇಂಚು!"

"ಅದನ್ನ ಮಾಡಿದೋನು ಘನ ಓದಿಲ್ಲ. ಹತ್ತಿಂಚಿನ ಒಂದು ಮೀನು ಅಂದ್ರೆ ಒಂದಿಂಚಿನ ಹತ್ತಲ್ಲ, ಉದ್ದ ಹತ್ತು ಪಟ್ಟಾದ್ರೆ ತೂಕ ಸಾವಿರ ಪಟ್ಟು. ಉಣ್ಣೋದೂ ಕಕ್ಕಸೂ ಅದಕ್ಕೆ ತಕ್ಕ ಹಾಗೆ. ಆ ನಿಯಮ ಎರಡು-ಮೂರಿಂಚಿನ ಮೀನಿಗೆ ಸ್ವಲ್ಪ ಹೊಂದೀತು, ಅದೂ ಬೆಳೆದ ಮೇಲಿನ ಉದ್ದ ಹಿಡಿದ್ರೆ."

ಅತ್ತಿಗೆ ಒಳಗಿಂದ ಕೇಳಿದರು, "ಉಳಿದಿದ್ದಾದ್ರೂ ಒಟ್ಟಿಗೆ ಇರ್ತಾವಾ?"

"ಇಲ್ಲ ಅತ್ತಿಗೆ," ಅಂದರು ಭಟ್ರು. "ಟೈಗರ್ ಬಾರ್ಬಿಗೆ ಏಂಜೆಲ್‌ನ ಉದ್ದ ರೆಕ್ಕೆ ಕಂಡ್ರೆ ಸಾಕು, ಕಚ್ಚಿ ಕಚ್ಚಿ ಪೊರಕೆ ಮಾಡ್ತದೆ. ಬೆಳೆದ ಏಂಜೆಲ್‌ಗೆ ನಿಯಾನ್ ಅಂದ್ರೆ ಶಾವಿಗೆ. ಡಿಸ್ಕಸ್ ಕೇಳೋದು 28ರಿಂದ 30 ಡಿಗ್ರಿ, ಗೋಲ್ಡ್ ಫಿಶ್ ಕೇಳೋದು 20ರ ಆಸುಪಾಸು. ಒಂದೇ ರೂಮಿನಲ್ಲಿ ಒಬ್ಬರಿಗೆ ಕಂಬಳಿ, ಒಬ್ಬರಿಗೆ ಫ್ಯಾನು. ಅಲ್ಲದೆ ಡಿಸ್ಕಸ್ ಒಂಟಿಯಾಗಿ ಇಟ್ರೆ ಮೂಲೆ ಹಿಡಿದು ಊಟ ಬಿಡ್ತದೆ."

ಚೀಟಿಯಲ್ಲಿ ಈಗ ಗೀಟುಗಳೇ ಜಾಸ್ತಿ.

"ಹಾಗಾದ್ರೆ ನಲ್ಲಿ ನೀರು ಬಿಟ್ಟು, ಅದನ್ನೇ ನೋಡ್ತಾ ಕೂರ್ಲಾ?"

"ಮೊದಲು ಅದನ್ನೇ ನೋಡ್ಬೇಕು! ನಿಮ್ಮ ಮನೆಗೆ ಕಾವೇರಿಯೋ ಬೋರ್‌ವೆಲ್ಲೋ?"

"ಕಾವೇರಿ. ಅದು ಬರದಿದ್ದ ದಿನ ಟ್ಯಾಂಕರ್."

"ಕಾವೇರಿಯಲ್ಲಿ ಕ್ಲೋರಿನ್ ಉಂಟು, ಆದ್ರೆ ನೀರು ಬೋರಿಗಿಂತ ಮೆದು. ಟ್ಯಾಂಕರ್ ನೀರು ಹೆಚ್ಚಾಗಿ ಬೋರಿಂದು, ಬಿಂದಿಗೆಗೆ ಬಿಳಿ ಕರೆ ಕಟ್ಟೋವಷ್ಟು ಗಡಸು. ಗಪ್ಪಿ, ಮೋಲಿಗೆ ಗಡಸು ಇಷ್ಟ, ನಿಯಾನ್‌ಗೆ ಕಷ್ಟ. ಅದಕ್ಕಿಂತ ಕೆಟ್ಟದ್ದು ಈ ವಾರ ಅದು, ಮುಂದಿನ ವಾರ ಇದು ಅಂತ ಸುರಿಯೋದು. ಒಂದು ಡ್ರಮ್ಮಿನಲ್ಲಿ ಕಾವೇರಿ ಹಿಡಿದಿಡಿ. ಏರ್ ಪಂಪ್ ಹಾಕಿ ಒಂದು ದಿನ ಬಿಡಿ, ಇಲ್ಲಾಂದ್ರೆ ಆಂಟಿ-ಕ್ಲೋರಿನ್ ಹನಿ ಹಾಕಿ. ವಾರಕ್ಕೆ ಕಾಲು ಭಾಗ, ಅಂದ್ರೆ 50 ಲೀಟರ್, ಬದಲಿಸಿದ್ರೆ ಸಾಕು."

ಆಮೇಲೆ ಭಟ್ರು ತಮ್ಮ ಪಟ್ಟಿ ಬಿಚ್ಚಿದರು. ಪಶ್ಚಿಮ ಘಟ್ಟದ ಹೊಳೆಯ ಮೀನುಗಳು ಮಾತ್ರ. ಬೆಂಗಳೂರಿನ ಹವೆಗೆ ಒಗ್ಗುತ್ತವೆ, ಚಳಿಗಾಲದಲ್ಲಿ ನೀರು 20ಕ್ಕೆ ಇಳಿದರೂ ಹೀಟರ್ ಬೇಡ.

"ಮಧ್ಯದಲ್ಲಿ ಮೆಲನ್ ಬಾರ್ಬ್ 10. ಎರಡೂವರೆ ಇಂಚು, ಮೈಗೆ ಕಪ್ಪು ಪಟ್ಟೆ, ಗಂಡಿಗೆ ಕೆಂಪು ಏರ್ತದೆ. ಹೀರೋಗಳು ಅಂದ್ರೆ ಡೆನಿಸನ್ ಬಾರ್ಬ್ 6. ಮಿಸ್ ಕೇರಳ ಅಂತಾರಲ್ಲ, ಅದೇ. ಐದಿಂಚು ದಾಟ್ತದೆ, ಗುಂಪಿನಲ್ಲಿ ಉದ್ದಕ್ಕೆ ಓಡ್ತದೆ, ಅದಕ್ಕೆ ನಾಲ್ಕಡಿಗಿಂತ ಕಮ್ಮಿ ತೊಟ್ಟಿ ಆಗೂದಿಲ್ಲ. ತಳಕ್ಕೆ ಜೀಬ್ರಾ ಲೋಚ್ 6, ಮೂರು-ನಾಲ್ಕಿಂಚು."

"ಮಿಸ್ ಕೇರಳಕ್ಕೆ ಡೆನಿಸನ್ ಅಂತ ಯಾಕೆ?"

"1865ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟದ್ದು, ಆಗಿನ ಮದ್ರಾಸ್ ಗವರ್ನರ್ ವಿಲಿಯಂ ಡೆನಿಸನ್ ಹೆಸರಲ್ಲಿ. ಆದ್ರೆ ಜೀಬ್ರಾ ಲೋಚ್ ನಮ್ಮದೇ ಮೇಷ್ಟ್ರೇ. 1920ರಲ್ಲಿ ಅದನ್ನ ಮೊದಲು ವಿವರಿಸಿದ್ದು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್, ಅದೂ ನಮ್ಮ ತುಂಗಾ ಹೊಳೆಯ ಮೀನು ಹಿಡ್ಕೊಂಡು."

ಮೇಷ್ಟ್ರು ಎದೆಯುಬ್ಬಿಸಿದರು, ಸ್ವಂತ ಶಿಷ್ಯನಿಗೆ ರ್‍ಯಾಂಕ್ ಬಂದ ಹಾಗೆ.

"ಒಂದು ಮಾತು. ಈ ಎರಡೂ ಅಳಿವಿನ ಅಪಾಯದ ಪಟ್ಟಿಯಲ್ಲಿ ಉಂಟು. ಫಾರ್ಮಿನಲ್ಲಿ ಮರಿ ಮಾಡಿಸಿದ್ದು, ಸಾಕಲಿಕ್ಕೆ ಕಾನೂನಿನ ಅಡ್ಡಿ ಇಲ್ಲ ಅಂತ ಖಾತ್ರಿಯಾದ್ರೆ ಮಾತ್ರ ತಗೊಳ್ಳಿ, ಹೊಳೆಯಿಂದ ಹಿಡಿದದ್ದಾದ್ರೆ ಬಿಡಿ. ಲೋಚ್ ಸಿಗದಿದ್ರೆ ತಳ ಖಾಲಿ ಇರ್ಲಿ, ಮೆಲನ್ ಎರಡು ಜಾಸ್ತಿ ಮಾಡಿ."

"ಬರೀ 22 ಮೀನಾ? ಎಲ್ಲಾ ಎರಡೆರಡು ತಂದ್ರೆ ಹನ್ನೊಂದು ಬಣ್ಣ ಆಗ್ತಿತ್ತು!"

"ಎರಡೆರಡು ತಂದ್ರೆ ಹನ್ನೊಂದು ಜಗಳ. ಬಾರ್ಬ್ ಕಮ್ಮಿ ಇದ್ರೆ ಪಕ್ಕದವರ ರೆಕ್ಕೆ ಕಚ್ತಾವೆ, ಜಾಸ್ತಿ ಇದ್ರೆ ಒಳಗೊಳಗೇ ಕಿತ್ತಾಡ್ಕೊಂಡು ಸುಮ್ನಾಗ್ತಾವೆ. ಕೂಡು ಕುಟುಂಬ ನೋಡಿಲ್ವಾ?"

ಒಳಗೆ ಅತ್ತಿಗೆಗೆ ಯಾಕೋ ಕೆಮ್ಮು ಬಂತು.

ಮಿಕ್ಕಿದ್ದನ್ನು ಭಟ್ರು ಒಂದೇ ಉಸಿರಿಗೆ ಮುಗಿಸಿದರು. ತೊಟ್ಟಿಯ ಹೊರಗೆ ಕೂರುವ, ಗಂಟೆಗೆ 1,000 ಲೀಟರ್ ಎಳೆಯುವ ಕ್ಯಾನಿಸ್ಟರ್ ಫಿಲ್ಟರ್. ನೀರು ಹೊರಬರುವ ಬಾಯಿ ಮೇಲ್ಮೈಯನ್ನು ಕದಡುವಂತಿರಬೇಕು, ಹೊಳೆ ಮೀನಿಗೆ ಉಸಿರು ಅಲ್ಲಿಂದ. ಏಪ್ರಿಲ್‌ನಲ್ಲಿ ನೀರು 28 ದಾಟಿದರೆ ಡೆನಿಸನ್ ಏದುಸಿರು ಬಿಡುತ್ತದೆ, ಮೇಲೊಂದು ಸಣ್ಣ ಫ್ಯಾನ್ ಇಟ್ಟರೆ ಎರಡು ಡಿಗ್ರಿ ಇಳಿಯುತ್ತದೆ. ಮುಚ್ಚಳ ಬಲೆಯದ್ದಾಗಿರಲಿ, ಡೆನಿಸನ್ ಹಾರುತ್ತದೆ. ತಳಕ್ಕೆ ನಯವಾದ ಮರಳು, ಚೂಪು ಜಲ್ಲಿ ಹಾಕಿದರೆ ಲೋಚ್‌ನ ಮೀಸೆ ಸವೆಯುತ್ತದೆ.

"ಆಯ್ತು, ನಾಳೆನೇ ತರ್ತೀನಿ," ಎದ್ದರು ರಾಯರು.

"ಕೂತ್ಕೊಳ್ಳಿ! ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಬೇಡವಾ? ಮೀನಿನ ಅಮೋನಿಯಾವನ್ನು ನೈಟ್ರೈಟ್, ಅದನ್ನ ನೈಟ್ರೇಟ್ ಮಾಡೋದು ಅವೇ. ಮೊದಲ ಎರಡೂ ವಿಷ. ಮೀನಿಲ್ಲದ ತೊಟ್ಟಿ ನೀರಿಗೆ ಅಮೋನಿಯಾ 2 ಪಿಪಿಎಂ, ಅಂದ್ರೆ ಲೀಟರಿಗೆ 2 ಮಿಲಿಗ್ರಾಂ, ಬರೋ ಹಾಗೆ ಹಾಕಿ, ಟೆಸ್ಟ್ ಕಿಟ್ಟಿನಲ್ಲಿ ನೋಡ್ತಾ ಇರಿ. ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ದಿನ ಮುಹೂರ್ತ. ನಾಲ್ಕರಿಂದ ಆರು ವಾರ. ನನ್ನ ಫಿಲ್ಟರಿನ ಹಳೇ ಸ್ಪಂಜು ಕೊಡ್ತೇನೆ, ಹೆಪ್ಪು ಹಾಕಿದ ಹಾಗೆ, ಬೇಗ ಆಗ್ತದೆ. ಆದ್ರೆ ಅದನ್ನ ನಲ್ಲಿ ಕೆಳಗೆ ತೊಳೆದ್ರೋ, ಕ್ಲೋರಿನ್‌ಗೆ ಹೆಪ್ಪೇ ಸತ್ತು ಹೋಗ್ತದೆ. ತೊಟ್ಟಿ ನೀರಿನ ಬಕೆಟ್ಟಿನಲ್ಲಿ ಹಿಂಡಿ."

"ಆಮೇಲೆ ಎಲ್ಲಾ ಒಟ್ಟಿಗೆ?"

"ಮೊದಲು ಮೆಲನ್. ಎರಡು ವಾರ ಬಿಟ್ಟು ಲೋಚ್. ಇನ್ನೆರಡು ವಾರಕ್ಕೆ ಡೆನಿಸನ್. ಪ್ರತಿ ತಂಡವನ್ನೂ ಮೊದಲು ಬೇರೆ ಡಬ್ಬದಲ್ಲಿ ಎರಡು ವಾರ ಇಡಿ. ಯಾಕಂದ್ರೆ ಬಿಳಿ ಚುಕ್ಕೆ ರೋಗ ಬಂದ್ರೆ ನೀರನ್ನ 30ಕ್ಕೆ ಏರಿಸಿ ಉಪ್ಪು ಹಾಕೋದು ರೂಢಿ. ಇಲ್ಲಿ ಬಿಸಿ ಡೆನಿಸನ್‌ಗೆ ಆಗೂದಿಲ್ಲ, ಉಪ್ಪು, ಔಷಧಿ ಲೋಚ್‌ಗೆ ಆಗೂದಿಲ್ಲ. ರೋಗ ಬಾಗಿಲಲ್ಲೇ ನಿಲ್ಲಬೇಕು."

ಅತ್ತಿಗೆ ಲೋಟ ಎತ್ತಲು ಬಂದರು. "ಅಂದ್ರೆ ಇನ್ನೂ ನಲವತ್ತು ದಿನ ಇದರಲ್ಲಿ ಬರೀ ನೀರು. ಬಂದೋರು ಏನು ಸಾಕಿದ್ದೀರಿ ಅಂದ್ರೆ?"

"ಬ್ಯಾಕ್ಟೀರಿಯಾ ಅನ್ನಿ," ಅಂದರು ಮೇಷ್ಟ್ರು.

ರಾಯರು ಚೀಟಿ ಮಡಚುತ್ತಾ ಮೆಲ್ಲಗೆ ಕೇಳಿದರು, "ಭಟ್ರೇ, ಒಂದೇ ಒಂದು ಸಕ್ಕರ್... ಚಿಕ್ಕದು?"