ಡಕ್ಟ್, ಎಸಿ, ಸೋಲಾರ್ ಎಲ್ಲ ಕಡೆ ಪಾರಿವಾಳ: ಯಾವುದರಿಂದ ಶುರು ಮಾಡೋದು?

ಟೆರೇಸ್_ಜಯನಗರ
ನಮ್ಮದು 4 ಮಹಡಿಯ ಅಪಾರ್ಟ್‌ಮೆಂಟ್. ಡಕ್ಟ್ (ಪೈಪ್, ಗಾಳಿಗೆ ಬಿಟ್ಟ ಕಿರಿದಾದ ತೆರೆದ ಜಾಗ) ಕಡೆಯ ಸಜ್ಜಗಳ ಮೇಲೆ, ಎಸಿ ಔಟ್‌ಡೋರ್ ಯೂನಿಟ್‌ಗಳ ಹಿಂದೆ, ಟೆರೇಸ್‌ನ ಸೋಲಾರ್ ಪ್ಯಾನೆಲ್‌ಗಳ ಅಡಿಯಲ್ಲಿ ಪಾರಿವಾಳಗಳು ಗೂಡು ಕಟ್ಟಿವೆ. ಕೆಲವು ಕಡೆ ಹಿಕ್ಕೆ 2 ಇಂಚು ದಪ್ಪ ಕೂತಿದೆ. ಮಳೆನೀರಿನ ಪೈಪಿನ ಬಾಯಿ ಗರಿ, ಕಡ್ಡಿಯಿಂದ ಕಟ್ಟಿಕೊಂಡು ಟೆರೇಸ್‌ನಲ್ಲಿ ನೀರು ನಿಲ್ಲುತ್ತೆ, ಮೇಲಿನ ಮನೆಯ ಸೀಲಿಂಗ್ ಒಸರುತ್ತಿದೆ. ಕೆಲವು ಮನೆಗಳಲ್ಲಿ ಗ್ಯಾಸ್ ಗೀಸರ್ ಇದೆ, ಆ ಬಾತ್‌ರೂಮ್‌ಗಳ ಗಾಳಿಕಿಂಡಿ ಇದೇ ಡಕ್ಟ್‌ಗೆ ತೆರೆಯುತ್ತೆ. ಮೀಟಿಂಗ್‌ನಲ್ಲಿ ಅರ್ಧ ಜನ ಸ್ಪೈಕ್ (ಹಕ್ಕಿ ಕೂರದಂತೆ ಹಾಕುವ ಚೂಪು ಮುಳ್ಳಿನ ಪಟ್ಟಿ) ಅಂತಾರೆ, ಅರ್ಧ ಜನ ಬಲೆ ಅಂತಾರೆ. ಏನು ತರಿಸಬೇಕು?

ಗೀಸರ್_ಸರ್ವಿಸ್
ಸಾರ್, ಬಲೆಯ ಮಾತು ಆಮೇಲೆ. ಇವತ್ತೇ ಆ ಮನೆಗಳ ಗಾಳಿಕಿಂಡಿ, ಎಕ್ಸಾಸ್ಟ್ ಫ್ಯಾನ್ ತೂತು, ಗೀಸರ್ ಹೊಗೆ ಕೊಳವೆ ನೋಡಿಸಿ. ಗೂಡು ಅಡ್ಡ ಬಂದರೆ ಕಾರ್ಬನ್ ಮಾನಾಕ್ಸೈಡ್ ಬಾತ್‌ರೂಮಿನೊಳಗೇ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು ಬರುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಉಳಿಯದೇ ಹೋಗಬಹುದು. ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ, ಮಸಿ ಕಟ್ಟಿದ್ದರೆ ಗೀಸರ್ ಬಳಸಲೇಬೇಡಿ. ಮಸಿ ಇಲ್ಲದಿದ್ದರೂ ಸುರಕ್ಷಿತ ಅಂತಲ್ಲ, ದಾರಿ ತೆರವಾಗುವವರೆಗೆ ಆಫ್ ಇರಲಿ. ತೆಗೆದ ಮೇಲೆ ಕಿಂಡಿಗೆ 1 ಇಂಚು ಕಣ್ಣಿನ ವೆಲ್ಡ್‌ಮೆಶ್ (ಬೆಸೆದ ತಂತಿ ಜಾಲರಿ) ಹಾಕಿ. ಸೊಳ್ಳೆ ಪರದೆ ಬೇಡ, ಧೂಳು ಕೂತು ಅದೇ ಕಿಂಡಿ ಮುಚ್ಚಿಬಿಡುತ್ತೆ.

ಬಲೆ_ಕೆಲಸ
ಮೇಲಿನವರು ಹೇಳಿದ್ದು ಮೊದಲು ಆಗಲಿ. ಆಮೇಲೆ ಕ್ರಮ ಹೀಗೆ: ಗೂಡು, ಹಿಕ್ಕೆ, ಬಲೆ. ಮೊಟ್ಟೆ, ಮರಿ ಇರುವ ಗೂಡು ಕೀಳಬೇಡಿ. ಮೊಟ್ಟೆ ಒಡೆಯೋಕೆ ಸುಮಾರು 18 ದಿನ, ಮರಿ ಹಾರೋಕೆ ಇನ್ನೊಂದು ತಿಂಗಳು. ಆ ಜಾಗ ಮಾತ್ರ ಬಿಟ್ಟು ಉಳಿದ ಕಡೆ ಕೆಲಸ ನಡೆಸಿ. ಮರಿ ಒಳಗಿದ್ದಾಗ ಬಲೆ ಬಿಗಿದರೆ ತಾಯಿಗೆ ಒಳಗೆ ಹೋಗೋ ದಾರಿ ಮುಚ್ಚುತ್ತೆ, ಮರಿ ಅಲ್ಲೇ ಸತ್ತು ಕೊಳೆಯುತ್ತೆ.

ಒಣ ಹಿಕ್ಕೆಗೆ ಪೊರಕೆ ಮುಟ್ಟಿಸಲೇಬೇಡಿ. ಧೂಳಿನ ಜೊತೆ ಶಿಲೀಂಧ್ರದ ಬೀಜಕಣ ಶ್ವಾಸಕೋಶಕ್ಕೆ ಹೋಗುತ್ತೆ. ಆಸ್ತಮಾ ಇರುವವರು ಈ ಕೆಲಸದ ಹತ್ತಿರವೂ ಬರಬಾರದು. ಎನ್95 ಮಾಸ್ಕ್, ಕನ್ನಡಕ, ರಬ್ಬರ್ ಕೈಗವಸು ಹಾಕಿ, ಸೋಪು ನೀರು ಸಿಂಪಡಿಸಿ 15-20 ನಿಮಿಷ ನೆನೆಸಿ, ಒದ್ದೆಯಾಗಿರುವಾಗಲೇ ಕೆರೆದು ಎರಡು ಕವರ್‌ಗೆ ತುಂಬಿ ಕಟ್ಟಿ. ಬ್ಲೀಚ್ ಕೊನೆಗೆ, ಜಾಗ ತೊಳೆದ ಮೇಲೆ ಮಾತ್ರ: 1 ಪಾಲಿಗೆ 9 ಪಾಲು ನೀರು. ಹಿಕ್ಕೆಯ ಮೇಲೇ ಸುರಿದರೆ ಅದರ ಅಮೋನಿಯಾ ಜೊತೆ ಸೇರಿ ವಿಷಗಾಳಿ ಏಳುತ್ತೆ. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಿದರೂ ಅದೇ ಅಪಾಯ. ತೊಳೆದ ನೀರು ಮಳೆನೀರಿನ ಸಂಪ್‌ಗೆ ಇಳಿಯದಂತೆ ಆ ಪೈಪ್ ಬಿಚ್ಚಿಡಿ.

ಬಲೆ 50 ಎಂಎಂ ಕಣ್ಣಿನ, ಯುವಿ ತಡೆಯುವ ನೈಲಾನ್ ಅಥವಾ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್). ಹುಕ್ ಸ್ಟೀಲಿನದು, ಅಡಿಗೊಂದು. ಸುತ್ತ 2 ಎಂಎಂ ಸ್ಟೀಲ್ ವೈರ್ ಓಡಿಸಿ ಟರ್ನ್‌ಬಕಲ್‌ನಲ್ಲಿ (ತಿರುಗಿಸಿ ವೈರ್ ಬಿಗಿಯುವ ಕೊಂಡಿ) ಬಿಗಿಯಿರಿ, ಬಲೆಯನ್ನು ಆ ವೈರ್‌ಗೇ ಕಟ್ಟಿ. ಪ್ಲಾಸ್ಟರ್‌ನಲ್ಲಿ ಮಾತ್ರ ನಿಂತ ಪ್ಲಗ್ ಒಂದು ಮಳೆಗಾಲಕ್ಕೆ ಕಿತ್ತುಬರುತ್ತೆ, ತೂತು ಗೋಡೆಯ ಬ್ಲಾಕ್‌ವರೆಗೂ ಹೋಗಬೇಕು. ಸಡಿಲ ಬಲೆಗೆ ಹದ್ದಿನ ರೆಕ್ಕೆ, ಕಾಲು ಸಿಕ್ಕಿಕೊಳ್ಳುತ್ತೆ, ನಮ್ಮ ಊರಲ್ಲಿ ಹದ್ದು ಬೇಕಾದಷ್ಟಿವೆ. ಬೆರಳಲ್ಲಿ ಮೀಟಿದರೆ ಬಲೆ ಗಿಟಾರ್ ತಂತಿಯಂತೆ ಮಿಡಿಯಬೇಕು.

ಟೆರೇಸ್_ಜಯನಗರ
ಸ್ಪೈಕ್ ವಾದಕ್ಕೆ ಏನು ಹೇಳಲಿ? ಅಲ್ಟ್ರಾಸಾನಿಕ್ ಯಂತ್ರ ತರೋಣ ಅಂತಲೂ ಒಬ್ಬರು ಹೇಳ್ತಿದ್ದಾರೆ.

ಬಲೆ_ಕೆಲಸ
ಅಲ್ಟ್ರಾಸಾನಿಕ್ ಶಬ್ದ ಪಾರಿವಾಳಕ್ಕೆ ಕೇಳಿಸೋದೇ ಇಲ್ಲ, ದುಡ್ಡು ದಂಡ. ಸ್ಪೈಕ್ ಕಿರಿದಾದ ಪೈಪ್, ಪ್ಯಾರಪೆಟ್ ಅಂಚಿಗೆ ಸರಿ. ಅಗಲ ಸಜ್ಜದ ಮೇಲೆ ಒಂದೇ ಸಾಲು ಹಾಕಿದರೆ ಅದರ ಹಿಂದೆ ಕೂರುತ್ತವೆ, ಸ್ಪೈಕ್ ನಡುವೆ ಕಡ್ಡಿ ಸಿಕ್ಕಿಸಿ ಗೂಡನ್ನೂ ಕಟ್ಟುತ್ತವೆ.

ಸೋಲಾರ್_ರೂಫ್‌ಟಾಪ್
ಪ್ಯಾನೆಲ್ ಅಡಿಯ ಗೂಡು ಬೆಂಕಿಯ ವಿಷಯ. ಒಣ ಕಡ್ಡಿ ವೈರ್ ಜೋಡಿಸುವ ಕನೆಕ್ಟರ್‌ಗೆ ಒತ್ತಿಕೊಂಡಿರುತ್ತೆ, ಸಡಿಲ ಕನೆಕ್ಟರ್‌ನಲ್ಲಿ ಕಿಡಿ ಬಂದರೆ ಹತ್ತಿಕೊಳ್ಳಲು ಅಷ್ಟು ಸಾಕು. ಸುತ್ತ ಪಿವಿಸಿ ಲೇಪದ ವೆಲ್ಡ್‌ಮೆಶ್ ಹಾಕಿಸಿ, ಫ್ರೇಮ್‌ನ ಅಂಚಿಗೆ ಕ್ಲಿಪ್‌ನಲ್ಲಿ ಕೂರಿಸಬೇಕು. ಫ್ರೇಮ್‌ಗೆ ಡ್ರಿಲ್ ಮಾಡಿದರೆ ವಾರಂಟಿ ಹೋಗಬಹುದು. ಐಸೊಲೇಟರ್ (ಪ್ಯಾನೆಲ್ ಸಂಪರ್ಕ ಕಡಿಯುವ ಸ್ವಿಚ್) ಆಫ್ ಮಾಡಿದರೂ ಬಿಸಿಲಿದ್ದಾಗ ಪ್ಯಾನೆಲ್ ಕಡೆಯ ಡಿಸಿ ವೈರ್‌ನಲ್ಲಿ ಕರೆಂಟ್ ಇರುತ್ತೆ. ಕನೆಕ್ಟರ್ ಎಳೆಯುವ ಕೆಲಸ ನಿಮ್ಮ ಇನ್‌ಸ್ಟಾಲರ್‌ದೇ ಆಗಿರಲಿ.

ಮೇಲಿನ ಹಿಕ್ಕೆ ಮಳೆಗೆ ಪೂರ್ತಿ ಹೋಗಲ್ಲ. ಒಂದು ಸೆಲ್ ಮುಚ್ಚಿದರೂ ಆ ಜಾಗ ಕಾದು ಹಾಟ್‌ಸ್ಪಾಟ್ ಆಗುತ್ತೆ. ಬೆಳಿಗ್ಗೆ ಗಾಜು ತಣ್ಣಗಿರುವಾಗ ನೆನೆಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕಾದ ಗಾಜಿಗೆ ತಣ್ಣೀರು ಬೇಡ. ಬೋರ್‌ವೆಲ್ ನೀರಾದರೆ ಕೊನೆಗೆ ವೈಪರ್ ಎಳೆಯಿರಿ, ಇಲ್ಲದಿದ್ದರೆ ಬಿಳಿ ಉಪ್ಪು ಕೂರುತ್ತೆ.

ಬಲೆ_ಕೆಲಸ
ಎಸಿಗೂ ಒಂದು ಮಾತು: ಎಂಸಿಬಿ ಆಫ್ ಮಾಡಿ, ಕಡಿಮೆ ಒತ್ತಡದ ನೀರಲ್ಲಿ ಫಿನ್ (ಯೂನಿಟ್‌ನ ತೆಳು ಲೋಹದ ಪಟ್ಟಿ) ತೊಳೆಯಿರಿ, ಪ್ರೆಷರ್ ವಾಷರ್ ಇಟ್ಟರೆ ಫಿನ್ ಮಡಚಿಕೊಳ್ಳುತ್ತೆ. ಸರ್ವಿಸ್‌ನವರಿಗೆ ಕೈ ಹಾಕೋಕೆ ಆ ಭಾಗದ ಬಲೆಗೆ ಜಿಪ್ ಇಡಿಸಿ. ಟೆರೇಸ್‌ನಲ್ಲಿ ಯಾರಾದರೂ ಕಾಳು ಹಾಕ್ತಿದ್ದರೆ ಅದು ಮೊದಲು ನಿಲ್ಲಲಿ. ಮಳೆ ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಬದಲು ಗುಮ್ಮಟದಂಥ ಜಾಲರಿ ಹಾಕಿ ಏಪ್ರಿಲ್ ಒಳಗೆ ತೆರವು ಮಾಡಿಸಿ, ಮೇ ಮಳೆ ನಮಗೆ ಸಮಯ ಕೊಡಲ್ಲ.