ಪ್ರಶ್ನೋತ್ತರ: ಪ್ಲಗ್-ಇನ್ ಹೈಬ್ರಿಡ್ ಕಾರಿನ (ಎಂಜಿನ್ ಜೊತೆಗೆ ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿ, ಮೋಟಾರು ಇರುವ ಕಾರು) ಗೇರ್‌ಬಾಕ್ಸ್, ಬ್ಯಾಟರಿ, ವಾರಂಟಿ

ಸಾಗರದ ಸದಸ್ಯರು: ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ ಸಿಗುತ್ತದೆ?

ಮೆಕ್ಯಾನಿಕ್, ಶಿವಮೊಗ್ಗ: ಹಲವು ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಕೊಡುತ್ತವೆ, ಯಾವುದು ಮೊದಲೋ ಅದು. ಮೋಟಾರು, ಇನ್ವರ್ಟರ್, ಗೇರ್‌ಬಾಕ್ಸ್‌ಗೂ ಅದೇ ಅವಧಿ ಎಂದುಕೊಳ್ಳಬೇಡಿ. ವಾರಂಟಿ ಪುಸ್ತಕ ಓದಿ.

ತೀರ್ಥಹಳ್ಳಿಯ ಸದಸ್ಯರು: ಮೊನ್ನೆ ಮಂಡಗದ್ದೆ ಹತ್ತಿರ ರಸ್ತೆ ಮೇಲಿನ ನೀರಿನಲ್ಲಿ ಕಾರು ದಾಟಿಸಿದೆ. ನೀರು ಬಾಗಿಲಿನ ತಳದವರೆಗೂ ಇತ್ತು. ಈಗ ಬೆಳಿಗ್ಗೆ ಹೈಬ್ರಿಡ್ ಎಚ್ಚರಿಕೆ ದೀಪ ಹತ್ತುತ್ತದೆ, ಬಿಸಿಲೇರಿದ ಮೇಲೆ ಆರುತ್ತದೆ. ರಿವರ್ಸ್ ತೆಗೆಯುವಾಗ ಗೊರಗೊರ ಸದ್ದು.

ಮೆಕ್ಯಾನಿಕ್: ದೀಪ ಆರಿತೆಂದು ಓಡಿಸಬೇಡಿ, ಚಾರ್ಜಿಗೂ ಹಾಕಬೇಡಿ. ತೇವಕ್ಕೆ ಹತ್ತಿ ಬಿಸಿಲಿಗೆ ಆರುವುದಾದರೆ ಹೈವೋಲ್ಟೇಜ್ ಭಾಗದ ಇನ್ಸುಲೇಷನ್ (ವಿದ್ಯುತ್ ಸೋರದಂತೆ ತಡೆಯುವ ರಕ್ಷಣೆ) ಕುಸಿಯುತ್ತಿದೆ ಎಂಬುದೇ ನನ್ನ ಮೊದಲ ಅನುಮಾನ. ನಿಯಮದ ಪ್ರಕಾರ ಬ್ಯಾಟರಿಯ ಡಿ.ಸಿ. (ನೇರ ವಿದ್ಯುತ್) ಕಡೆ ಪ್ರತಿ ವೋಲ್ಟಿಗೆ ಕನಿಷ್ಠ 100 ಓಮ್, ಮೋಟಾರಿನ ಎ.ಸಿ. (ಪರ್ಯಾಯ ವಿದ್ಯುತ್) ಕಡೆ 500 ಓಮ್ ತಡೆ ಇರಬೇಕು. ಅದನ್ನು ಮೀಟರಿನಲ್ಲೇ ಅಳೆಯಬೇಕು.

ಸದ್ದು ಇನ್ನೂ ಹೆಚ್ಚು ಚಿಂತೆಯ ವಿಷಯ. ಬಿಸಿಯಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ನಳಿಕೆಯಿಂದ (ಗಾಳಿಯಾಡಲು ಇರುವ ಕೊಳವೆ) ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಮೋಟಾರಿನ ಸುರುಳಿಯೂ ಅದೇ ಎಣ್ಣೆಯಿಂದ ತಂಪಾಗುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಸುರಿದರೆ ನೀರು ಹೊಕ್ಕಿದೆ ಎಂದೇ ಅರ್ಥ. ಆ ಎಣ್ಣೆಯನ್ನು ಬೇಗ ತೆಗೆದರೆ ಬೇರಿಂಗ್ ಉಳಿಯಬಹುದು.

ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ನೀರಿನ ಹಾನಿಗೆ ವಿಮೆಯನ್ನೇ ಕೇಳಬೇಕು. ಇಂದೇ ವಿಮಾ ಕಂಪನಿಗೆ ತಿಳಿಸಿ, ಅವರ ಸರ್ವೇಯರ್ (ಹಾನಿ ಪರಿಶೀಲಿಸುವವರು) ನೋಡುವ ಮೊದಲು ಏನನ್ನೂ ಬಿಚ್ಚಿಸಬೇಡಿ. ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಹಣ ಕೊಡುವ ವಿಮೆ) ಒಂದೇ ಸಾಲದು. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಇದೆಯೇ, ಅದರಲ್ಲಿ ಗೇರ್‌ಬಾಕ್ಸ್, ಮೋಟಾರು ಸೇರಿವೆಯೇ ನೋಡಿ. ಕಾರನ್ನು ಫ್ಲ್ಯಾಟ್‌ಬೆಡ್ (ಕಾರನ್ನು ಪೂರ್ತಿ ಹೊತ್ತೊಯ್ಯುವ ಲಾರಿ) ಮೇಲೆಯೇ ಸಾಗಿಸಿ. ಚಕ್ರ ಉರುಳಿಸಿಕೊಂಡು ಎಳೆದರೆ ಮೋಟಾರು ವಿದ್ಯುತ್ ಉತ್ಪಾದಿಸುತ್ತದೆ.

ಭದ್ರಾವತಿಯ ಸದಸ್ಯರು: ನನಗೆ ಬಂದ ಸಂದೇಶ: ಕಿತ್ತಳೆ ಬಣ್ಣದ ಕನೆಕ್ಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ದೀಪ ಹೋಗುತ್ತದೆ. ಎಲ್ಲರಿಗೂ ಉಪಯೋಗವಾಗಲಿ.

ಮೆಕ್ಯಾನಿಕ್: ದಯವಿಟ್ಟು ಅಳಿಸಿ. ಅದರಲ್ಲಿ ನೂರಾರು ವೋಲ್ಟ್ ಡಿ.ಸಿ. ಇರುತ್ತದೆ, ಕಾರು ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ (ವಿದ್ಯುತ್ ಹಿಡಿದಿಡುವ ಭಾಗ) ಸ್ವಲ್ಪ ಹೊತ್ತು ಉಳಿಯುತ್ತದೆ. 1000 ವೋಲ್ಟ್ ತಡೆಯುವ ಕೈಗವಸು ತೊಟ್ಟು, ಸರ್ವಿಸ್ ಪ್ಲಗ್ (ಹೈವೋಲ್ಟೇಜ್ ಸಂಪರ್ಕ ಕಡಿಯುವ ಪ್ಲಗ್) ಕಿತ್ತು, ಕಾದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ನಾನು ಮುಟ್ಟುವುದು.

ಹೊಸನಗರದ ಸದಸ್ಯರು: ನಮ್ಮ ಮಳೆಗೆ ಈ ಕಾರುಗಳೇ ಬೇಡ. ಡೀಸೆಲ್ ಜೀಪು ಸಾಕು.

ಕೊಪ್ಪದ ಸದಸ್ಯರು: ಜೀಪು ನೀರು ಕುಡಿದರೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗುವುದಿಲ್ಲವೇ? ಗೊತ್ತಿಲ್ಲದೆ ಮಾತನಾಡಬೇಡಿ.

ಹೊಸನಗರದ ಸದಸ್ಯರು: ಶೋರೂಮಿನವರ ಪರವಾಗಿ ವಾದಿಸುವ ನಿಮಗೆ ಎಲ್ಲ ಗೊತ್ತಿರಬೇಕು.

ಶಿಕಾರಿಪುರದ ಸದಸ್ಯರು: ಹೊರಗಡೆ ಗೇರ್ ಎಣ್ಣೆ ಬದಲಿಸಿದರೆ ವಾರಂಟಿ ಹೋಗುತ್ತದೆಯೇ?

ಸೊರಬದ ಸದಸ್ಯರು: ಬ್ಯಾಟರಿ ವಾರಂಟಿ ಎಷ್ಟು ವರ್ಷ?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ಶೃಂಗೇರಿಯ ಸದಸ್ಯರು: ಆಗುಂಬೆ ಘಾಟಿ ಇಳಿಯುವಾಗ ಎಂಜಿನ್ ತಾನಾಗಿ ಜೋರು ಸದ್ದು ಮಾಡುತ್ತದೆ. ದೋಷವೇ?

ಮೆಕ್ಯಾನಿಕ್: ಇಳಿಜಾರಿನಲ್ಲಿ ಮೋಟಾರು ಬ್ರೇಕ್ ಹಿಡಿದು ಬ್ಯಾಟರಿ ತುಂಬಿಸುತ್ತದೆ, ಅದು ತುಂಬಿದಾಗ ಬದಲಿಗೆ ಎಂಜಿನ್ ಬ್ರೇಕ್ ಹಿಡಿಯುತ್ತದೆ. ಸಹಜ.

ಭದ್ರಾವತಿಯ ಸದಸ್ಯರು: ಸೀಮೆಎಣ್ಣೆಯಿಂದ ನಮ್ಮ ಬಾವನ ಕಾರು ಸರಿಯಾಗಿದೆ. ನಿಮಗೆ ಗಿರಾಕಿ ತಪ್ಪುತ್ತದೆಂಬ ಭಯವೇ?

ಮೆಕ್ಯಾನಿಕ್: ಯಾರಾದರೂ ಅದನ್ನು ಓದಿ ಕೈ ಹಾಕಿದರೆ ಸಾಯುತ್ತಾರೆ. ಗುಂಪಿನ ನಿರ್ವಾಹಕರೇ, ಆ ಸಂದೇಶ ತೆಗೆಯಿರಿ.

ತೀರ್ಥಹಳ್ಳಿಯ ಸದಸ್ಯರು: ಪರಿಚಯದವರು ಸ್ಕ್ಯಾನರ್ ತಂದು ಕಾರಿನಲ್ಲಿ ದಾಖಲಾಗಿದ್ದ ದೋಷದ ಕೋಡ್ ಅಳಿಸಿದರು, ದೀಪ ಹೋಗಿದೆ. ನಾಳೆ ಶಿವಮೊಗ್ಗಕ್ಕೆ ಓಡಿಸಿಕೊಂಡು ಬರಲೇ?

ಮೆಕ್ಯಾನಿಕ್: ಬೇಡ. ಕೋಡ್ ಅಳಿಸಬಾರದಿತ್ತು, ಸರ್ವೇಯರ್‌ಗೆ ತೋರಿಸಲು ಅದು ಬೇಕಿತ್ತು. ಫ್ಲ್ಯಾಟ್‌ಬೆಡ್‌ಗೆ ಹೇಳಿ. ವಿಮೆಯವರಿಗೆ ಫೋನ್ ಮಾಡಿದಿರಾ, ಇಲ್ಲವೇ?