ಸಹಾಯ ಬೇಕು: ಲೈಂಗಿಕ ವೃತ್ತಿಯ ಕಾನೂನಿನ ಬಗ್ಗೆ ಯುವಜನರನ್ನು ಹೇಗೆ ಕೇಳೋದು?

ಎಲ್ಲರಿಗೂ ನಮಸ್ಕಾರ. ಎಂಎ ಸಮಾಜಶಾಸ್ತ್ರದ ಪ್ರಬಂಧಕ್ಕೆ 18ರಿಂದ 25ರ ವಯಸ್ಸಿನವರ ಸಮೀಕ್ಷೆ ಮಾಡ್ತಿದ್ದೀನಿ. ಪ್ರಶ್ನಾವಳಿ ಕೈಕೊಡ್ತಿದೆ.

"ಕಾನೂನುಬದ್ಧ ಆಗಬೇಕಾ?" ಅಂದರೆ ಸುಮಾರು ಜನ ತಟ್ಟನೆ ಹೌದು ಅಂತಾರೆ. ಯಾವುದಕ್ಕೆ ಹೌದು? ಸ್ವೀಡನ್ 1999ರಲ್ಲಿ ತಂದ ಕಾನೂನಿನ ಪ್ರಕಾರ ಹಣ ಕೊಟ್ಟು ಬರುವವರಿಗೆ ಶಿಕ್ಷೆ, ವೃತ್ತಿಯಲ್ಲಿರುವವರಿಗಿಲ್ಲ. ನ್ಯೂಜಿಲೆಂಡ್ 2003ರಲ್ಲಿ ವಯಸ್ಕರ ವಿಷಯದಲ್ಲಿ ಅದನ್ನು ಅಪರಾಧ ಅನ್ನೋದನ್ನೇ ಕೈಬಿಟ್ಟಿತು. ಜರ್ಮನಿಯಲ್ಲಿ ಕಾನೂನಿನ ಒಪ್ಪಿಗೆ ಇದೆ, ಆದರೆ 2017ರಿಂದ ನೋಂದಣಿ ಕಡ್ಡಾಯ. ಇಷ್ಟೆಲ್ಲ ವಿವರಿಸಿ ಕೇಳಿದರೆ ಸಮೀಕ್ಷೆ ಹೋಗಿ ಪಾಠ ಆಗುತ್ತೆ!

ಇನ್ನೊಂದು ತೊಡಕು: "ಇದು ತಪ್ಪು" ಅನ್ನೋರೇ "ಆದರೆ ಆ ಹೆಂಗಸರನ್ನ ಪೊಲೀಸರು ಹಿಡೀಬಾರದು" ಅಂತಾರೆ. ನನಗೆ ಇದೇ ಅತಿ ಮುಖ್ಯ ಅನಿಸ್ತಿದೆ. ನೈತಿಕ ಅಭಿಪ್ರಾಯಕ್ಕೂ ಕಾನೂನಿನ ಅಭಿಪ್ರಾಯಕ್ಕೂ ಬೇರೆ ಬೇರೆ ಪ್ರಶ್ನೆ ಇಟ್ಟರೆ ಸಾಕಾ, ಚಿಕ್ಕ ಸನ್ನಿವೇಶ ಕೊಟ್ಟು ಕೇಳಬೇಕಾ? ಮಾನವ ಕಳ್ಳಸಾಗಣೆಯ ಪ್ರಶ್ನೆಗಳನ್ನು ಮೊದಲೇ ಇಟ್ಟರೆ ಮುಂದಿನ ಉತ್ತರಗಳೂ ಅದೇ ಕಡೆ ವಾಲುತ್ತವಾ?

ಹೆಸರು, ಫೋನ್ ನಂಬರ್ ಕೇಳ್ತಿಲ್ಲ. ಇಂಥ ಸೂಕ್ಷ್ಮ ವಿಷಯದಲ್ಲಿ ಸಮೀಕ್ಷೆ ಮಾಡಿದವರು, ವಕೀಲರು, ಈ ವೃತ್ತಿಯವರ ಸಂಘಟನೆಗಳ ಜೊತೆ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ಕರಡು ಕಳಿಸ್ತೀನಿ, ಮುಲಾಜಿಲ್ಲದೆ ತಿದ್ದಿ.